ಅರ್ಧ ವಿಮಾನ

ಮೊನ್ನೆ ನಮ್ಮ ಮನೆಗೆ ಎರಡು ಹೊಸ ಕೌದಿ ಬಂದವು. ಹೊಸವು ಎಂದರೆ ಹೊಲಿಗೆ ಮಾತ್ರ ಹೊಸದು. ಅರಿವೆಯೆಲ್ಲ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳದೇ. ಒಂದು ನನಗೆ, ಒಂದು ನನ್ನ ಹೆಂಡತಿ ಶಾಂತವ್ವನಿಗೆ. ಅರವತ್ತು ವರ್ಷ ಒಂದೇ ಕೌದಿಯನ್ನು ಇಬ್ಬರೂ ಎಳೆದಾಡಿದ ಮೇಲೆ ಆಕೆಗೆ ಸಾಕಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ನನ್ನ ಪಾಲಿನದನ್ನು ಹೊದ್ದು ಒರಗಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸರಿಸಿ ನೋಡಿದರೆ, ಕೌದಿಯ ಅಂಚಿನಲ್ಲಿ ಒಂದು ವಿಮಾನ ಕೂತಿದೆ. ಪೂರ್ತಿ ವಿಮಾನವಲ್ಲ, ಅರ್ಧ.

ನಗಬೇಡಿ. ಆ ವಿಮಾನದ ಎಂಜಿನಿಯರ್ ನಾನೇ.

ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬೈ ರಾಜ್ಯದ ಪ್ರಜೆಗಳಾಗಿದ್ದ ಕಾಲ ಅದು. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಅಪ್ಪನ ಮಗ್ಗಗಳಿಗೆ ಸೀರೆಯ ದಡಿ, ಸೆರಗುಗಳ ನಮೂನೆಯನ್ನು ಚೌಕಳಿ ಕಾಗದದ ಮೇಲೆ ಬರೆದುಕೊಡುವುದು ನನ್ನ ಕೆಲಸ. ನವಿಲು, ಗೋಪುರ, ಕಮಲ, ಮತ್ತೆ ನವಿಲು. ಬರೆದು ಬರೆದು ನವಿಲಿನ ಜಾತಿಯ ಮೇಲೆಯೇ ನನಗೆ ಒಂದು ಬಗೆಯ ಹಗೆತನ ಹುಟ್ಟಿತ್ತು. ಅದು ಮಳೆಗಾಲದಲ್ಲಿ ಕುಣಿಯುತ್ತದಂತೆ; ನಮ್ಮ ಮನೆಯಲ್ಲಿ ಅದಕ್ಕೆ ಹನ್ನೆರಡು ತಿಂಗಳೂ ದುಡಿಮೆ.

ಆಗ ನನ್ನ ಕೈಗೆ ವಿಮಾನ ಸಿಕ್ಕಿತು, ಚುರುಮುರಿ ಕಟ್ಟಿಕೊಟ್ಟ ಕಾಗದದಲ್ಲಿ. ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಅಂಗಡಿಯವನು ಹರಿದುಕೊಂಡ ರೀತಿಗೆ ಚಿತ್ರದ ಒಂದು ಮಗ್ಗುಲು ಮಾತ್ರ ಉಳಿದಿತ್ತು. ಒಂದು ಉದ್ದ ಒಡಲು, ಒಂದು ರೆಕ್ಕೆ, ಅರ್ಧ ಬಾಲ. ಹರಿದದ್ದು ಕಾಗದ ಎಂಬುದು ನನಗೆ ಹೊಳೆಯಲೇ ಇಲ್ಲ. ಅಲ್ಲಿಯವರೆಗೆ ನಾನು ಕಂಡಿದ್ದ ವಿಮಾನವೆಂದರೆ ಆಕಾಶದಲ್ಲಿ ಒಂದು ಸದ್ದು, ಒಂದು ಚುಕ್ಕೆ. ನಮ್ಮಲ್ಲಿ ಎಲ್ಲದಕ್ಕೂ ಜೋಡಿ ಬೇಕು, ಸೀರೆಗೆ ಎರಡು ದಡಿ, ಗಾಡಿಗೆ ಎರಡು ಎತ್ತು; ಈ ಬಿಳಿಯರು ಒಂದರಲ್ಲೇ ಮುಗಿಸಿದ್ದಾರಲ್ಲ ಎಂದು ಬೆರಗಾದೆ. ಸರಿಯಾದ ವಿಮಾನದ ಚಿತ್ರ ಕಣ್ಣಿಗೆ ಬೀಳುವ ಹೊತ್ತಿಗೆ ಇಂಥ ವಿಮಾನ ಬರೆಯುವ ಚಟ ಕೈಮೀರಿ ಹೋಗಿತ್ತು.

ಚೌಕಳಿ ಕಾಗದವಂತೂ ಮನೆಯಲ್ಲಿ ಬೇಕಾದಷ್ಟು. ಸುತ್ತಲಿನ ಊರಿಗೊಂದು ವಿಮಾನದಂತೆ ನಮ್ಮ ಸಂಸ್ಥಾನಕ್ಕೆ ಒಂದು ವಾಯುಪಡೆಯನ್ನೇ ಬರೆಯತೊಡಗಿದೆ. ಬೀಳಗಿಯ ಹೆಸರಿನ ನನ್ನ ವಿಮಾನಕ್ಕೆ ಎಡ ರೆಕ್ಕೆ ಉದ್ದ, ಬಲದ್ದು ಮೋಟು. ಬೀಳಗಿಗೆ ಹೋಗುವ ಬಸ್ಸು ಯಾವಾಗಲೂ ಒಂದೇ ಕಡೆ ವಾಲುತ್ತಿದ್ದುದನ್ನು ಸರಿದೂಗಿಸಲು ಇದು. ಮುಧೋಳದ್ದು ಅಲ್ಲಿಯ ಬೇಟೆನಾಯಿಯ ಹಾಗೆ ಹೊಟ್ಟೆ ಬೆನ್ನಿಗೆ ಹತ್ತಿದ ವಿಮಾನ. ಪೆಟ್ರೋಲು ಎಲ್ಲಿ ತುಂಬಬೇಕು ಎಂಬ ಸಣ್ಣ ಪ್ರಶ್ನೆ ಅದರಲ್ಲಿ ಉಳಿದೇ ಹೋಯಿತು. ಎರಡು ಉದ್ದ ಒಡಲುಗಳನ್ನು ಹಿಂದೆ ನೊಗದಂಥ ಬಾಲದಿಂದ ಜೋಡಿಸಿದ ವಿಮಾನಗಳನ್ನೂ ಬರೆದೆ, ಆದರೆ ಕಲ್ಪನೆ ಕೈಕೊಟ್ಟ ದಿನಗಳಲ್ಲಿ ಮಾತ್ರ. ಅಂಥದ್ದನ್ನು ಗಾಡಿ ಮಾಡುವ ಬಡಿಗನೂ ಯೋಚಿಸಬಲ್ಲ ಎಂಬ ತಾತ್ಸಾರ ನನಗೆ. ಸಂಸ್ಥಾನವೇ ಇಲ್ಲದ ಮೇಲೆ ಸಂಸ್ಥಾನದ ವಾಯುಪಡೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನನ್ನ ಕಾಗದದ ಮೇಲೆ ಅದು ಇನ್ನೂ ವಿಲೀನವಾಗಿರಲಿಲ್ಲ.

ಒಮ್ಮೆ ಅವ್ವ ಇಣುಕಿ ನೋಡಿ, “ಏನ್ ಬರಿಯಾಕತ್ತೀಯೋ?” ಎಂದಳು.

“ವಿಮಾನ ಬೇ.”

“ಇನ್ನರ್ಧ ಬರಿಯಾಕ ಶಾಯಿ ತೀರೇತೇನ?”

ಹೊಸ ವಿಚಾರಕ್ಕೆ ಮನೆಯಿಂದಲೇ ವಿರೋಧ ಶುರುವಾಗುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಆಕೆ ನೋಡಿದ್ದು ನನ್ನ ಎಲ್ಲ ವಿಮಾನಗಳಲ್ಲಿ ಉತ್ತಮವಾದದ್ದನ್ನು. ಕಾಗದದ ಎಡಕ್ಕೆ ಒಂದೇ ಒಂದು ಉದ್ದ ಒಡಲು, ಮುಂದೆ ಎಂಜಿನ್ನಿನ ಮೂತಿ, ಹಿಂದೆ ಬಲಕ್ಕೆ ಚಾಚಿದ ಅರ್ಧ ಬಾಲ. ಒಡಲಿನಿಂದ ಬಲಕ್ಕೆ ರೆಕ್ಕೆ, ರೆಕ್ಕೆಯ ತುದಿಯಲ್ಲಿ ತತ್ತಿಯಂಥ ಗಾಜಿನ ಗೂಡು. ಚಾಲಕ ಅದರೊಳಗೆ ಒಬ್ಬನೇ ಕೂತು, ಯಾರ ಹಂಗೂ ಇಲ್ಲದೆ ಹಾರಬೇಕು. ನನಗೆ ಆಗ ಇಪ್ಪತ್ತರ ಆಸುಪಾಸು ಎಂಬುದು ನಿಮಗೆ ಇಷ್ಟರಲ್ಲಿ ತಿಳಿದಿರಬೇಕು.

ಅದೇ ಹೊತ್ತಿಗೆ ಮುಧೋಳದ ಸಂಬಂಧ ಬಂತು. ಹುಡುಗಿಯನ್ನು ಒಂದು ಸಲ ನೋಡಿ ಬಂದಿದ್ದೆ. ತಟ್ಟೆಯಲ್ಲಿ ಅವಲಕ್ಕಿ ಇಟ್ಟು ಹೋಗುವಾಗ ನನ್ನ ಅಂಗಿಯ ಮೇಲಿದ್ದ ಶಾಯಿಯ ಕಲೆ ನೋಡಿ ತುಟಿ ಬಿಗಿಹಿಡಿದು ನಗು ನುಂಗಿಕೊಂಡಿದ್ದಳು. ಆ ನಗು ನನ್ನ ತಲೆಯಿಂದ ಇಳಿಯಲೇ ಇಲ್ಲ. ನನಗೆ ಆ ಹುಡುಗಿಯೇ ಬೇಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಆ ಮನೆಯಲ್ಲಿ ಕಡೆಯ ಮಾತು ಹುಡುಗಿಯ ಅಜ್ಜಿಯದು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ನನಗಿಂತ ಮೊದಲು ಬಂದಿದ್ದ ಒಬ್ಬ ವರನನ್ನು, ಚಹಾವನ್ನು ಸೊರ್ರೆಂದು ಕುಡಿದ ಎಂಬ ಕಾರಣಕ್ಕೆ ಆಕೆ ತಿರುಗಿ ಕಳಿಸಿದ್ದಳಂತೆ.

ನಿಶ್ಚಯದ ಸೀರೆಯನ್ನು ತಾನೇ ನೇಯುತ್ತೇನೆ ಎಂದು ಅಪ್ಪ ಹಟ ಹಿಡಿದ. ಯಾರೂ ಕಾಣದ ನಮೂನೆ ಬೇಕು ಎಂದ. ನಾನು ಒಂದು ಗೋಪುರ ಬರೆದು ಮೇಜಿನ ಮೇಲಿಟ್ಟು, ನೆಂಟರನ್ನು ಕರೆಯಲು ಜಮಖಂಡಿಗೆ ಹೋದೆ. ನೆಂಟರು ಅಷ್ಟು ಬೇಗ ಬಿಡಬೇಕಲ್ಲ, ವಾರವೇ ಕಳೆಯಿತು. ಗೋಪುರದ ಪಕ್ಕದಲ್ಲಿ ನನ್ನ ಆ ಒಂಟಿ ವಿಮಾನದ ಕಾಗದವೂ ಇತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಸೆರಗಿನ ನಡುವೆ ಬರುವ ದೊಡ್ಡ ಚಿತ್ತಾರವನ್ನು ನಾವು ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದರೆ ಸಾಕು. ಮಗ್ಗಕ್ಕೆ ಎಳೆ ಕಟ್ಟುವ ರೀತಿಯಿಂದಲೇ ಉಳಿದರ್ಧ, ಕನ್ನಡಿಯಲ್ಲಿ ಕಂಡ ಹಾಗೆ, ಪಕ್ಕದಲ್ಲಿ ತಾನಾಗಿ ಮೂಡುತ್ತದೆ. ಹೀಗಾಗಿ ನೇಕಾರನ ಕಣ್ಣಿಗೆ ಅರ್ಧ ಎಂಬುದೇ ಇಲ್ಲ. ಕಾಗದದ ಮೇಲೆ ಅರ್ಧ ಕಂಡರೆ ಅದರ ಜೋಡಿ ಅವನಿಗೆ ಆಗಲೇ ಕಾಣುತ್ತಿರುತ್ತದೆ. ಅಪ್ಪ ಮೇಜಿನ ಬಳಿ ಬಂದ. ಗೋಪುರ ಅವನು ಸಾವಿರ ಸಲ ಕಂಡದ್ದು. ಪಕ್ಕದ ಕಾಗದದಲ್ಲಿದ್ದುದು ಏನೆಂದು ಗೊತ್ತಾಗಲಿಲ್ಲ, ಅದಕ್ಕೇ ಅದು ಹೊಸದು. ಎತ್ತಿಕೊಂಡು ಹೋಗಿ ಮಗ್ಗಕ್ಕೆ ಹಾಕಿದ. ಬೀಗರಿಗಿಂತ ಮೊದಲು ಯಾರೂ ಬಿಚ್ಚಿ ನೋಡಬಾರದೆಂದು ನೇಯ್ದದ್ದನ್ನು ಮಡಚಿ ಗಂಟು ಕಟ್ಟಿಟ್ಟ.

ಮುಧೋಳದ ಪಡಸಾಲೆಯಲ್ಲಿ ಆಯಿ ಗಂಟು ಬಿಚ್ಚಿದಳು. ಅರಿವೆಯನ್ನು ಬೆರಳಲ್ಲಿ ಹೊಸೆದು ನೋಡಿ ತಲೆದೂಗಿದಳು. ಆಮೇಲೆ ಸೆರಗು ಹರವಿದಳು. ನನ್ನ ಒಂಟಿ ವಿಮಾನ ಅಲ್ಲಿ ಜೋಡಿಯಾಗಿ ಬಿದ್ದಿತ್ತು. ಎರಡು ಒಡಲು, ಎರಡು ಮೂತಿ, ಹಿಂದೆ ಕೂಡಿಕೊಂಡ ಬಾಲ, ನಟ್ಟನಡುವೆ ಅಕ್ಕಪಕ್ಕದಲ್ಲಿ ಎರಡು ತತ್ತಿ. ಗಾಡಿ ಮಾಡುವ ಬಡಿಗನ ವಿಮಾನ.

“ಇದೇನ್ರಿ ಬೀಗರ, ಚೇಳ?” ಎಂದಳು ಆಯಿ.

ಖರೆ ಹೇಳಬೇಕೆಂದರೆ ಹಾಗೆಯೇ ಕಾಣುತ್ತಿತ್ತು. ಮೂತಿಗಳೆರಡೂ ಚೇಳಿನ ಇಕ್ಕಳದ ಹಾಗೆ ಮುಂದೆ ಚಾಚಿಕೊಂಡಿದ್ದವು.

“ಮದಿವಿ ಸೀರಿ ಮ್ಯಾಲ ಚೇಳ ನೇಯ್ದು ತಂದೀರಿ?”

ಅಪ್ಪನಿಗೆ ತಾನು ನೇಯ್ದದ್ದು ಏನೆಂದು ತನಗೇ ಗೊತ್ತಿರಲಿಲ್ಲ. ಆದರೂ ತಡವರಿಸಲಿಲ್ಲ. “ಚೇಳಲ್ರಿ ಆಯಿ, ನೊಗ. ಜೋಡೆತ್ತಿನ ನೊಗ. ಗಂಡ ಹೆಂಡತಿ ಕೂಡಿ ಸಂಸಾರ ಎಳಿಲಿ ಅಂತ ಹಾಕೇವ್ರಿ.”

ಆಯಿಯ ಹಣೆಯ ಗಂಟು ಸಡಿಲವಾಗತೊಡಗಿತು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಎಲ್ಲ ಸುಸೂತ್ರ. ಆದರೆ ತನ್ನ ಶ್ರೇಷ್ಠ ವಿಮಾನವನ್ನು ಎದುರಿಗೇ ನೊಗ ಎಂದರೆ ಯಾವ ಎಂಜಿನಿಯರ್ ತಡೆದುಕೊಂಡಾನು?

“ನೊಗ ಅಲ್ರಿ. ವಿಮಾನ ಅದು,” ಎಂದೆ.

ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

“ವಿಮಾನ ಅಂದ್ರ, ಲಡಾಯಿದಾಗ ಬಾಂಬ್ ಒಗೀತಿತ್ತಲ್ಲ, ಅದ?” ಎಂದಳು ಆಯಿ.

“ಹೂಂರಿ.”

ಆಯಿ ಸೀರೆ ಮಡಚತೊಡಗಿದಳು. ನಿಶ್ಚಯದ ಸೀರೆಯನ್ನು ಹೆಣ್ಣಿನ ಕಡೆಯವರು ಮಡಚಿ ಮುಂದಿಟ್ಟರೆ ಅದರ ಅರ್ಥ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತು. ಆಕಾಶಕ್ಕೂ ಹೋಗದೆ, ಮಗ್ಗದಲ್ಲೂ ನಿಲ್ಲದೆ, ನನ್ನ ವಿಮಾನ ನನ್ನ ಮದುವೆಯ ಮೇಲೆಯೇ ಬಂದು ಬಿದ್ದಿತ್ತು.

ಆಗ ಅಡುಗೆಮನೆಯ ಬಾಗಿಲಿನಿಂದ ಹುಡುಗಿಯ ದನಿ ಬಂತು. “ಆಯಿ, ತಡಿ. ನಡುವ ಎರಡು ತತ್ತಿ ಹಂಗ ಅದಾವಲ್ಲ, ಅವೇನ್ ಕೇಳು.”

ವರನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಆದ್ದರಿಂದ ಮಾತು ಆಯಿಯ ಮೂಲಕ ಬರಬೇಕು, ಇಬ್ಬರಿಗೂ ಇಬ್ಬರ ದನಿ ಕೇಳುತ್ತಿದ್ದರೂ.

“ಏನವು?” ಎಂದಳು ಆಯಿ.

“ಕೂಡೂ ಜಾಗಾರಿ,” ಎಂದೆ.

“ಕೂಡೂ ಜಾಗಾ ಅಂತ,” ಎಂದು ಆಯಿ ಬಾಗಿಲ ಕಡೆ ತಿರುಗಿ ಹೇಳಿದಳು.

“ಒಬ್ಬಾಂವ ವಿಮಾನ ನಡಸಿದ್ರ ಇನ್ನೊಬ್ಬಾಂವ ಏನ್ ಮಾಡ್ತಾನ ಕೇಳು.”

ನನ್ನ ವಿಮಾನದಲ್ಲಿ ಎರಡನೆಯವನೇ ಇರಲಿಲ್ಲವಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಹಾದಿ ತೋರಸ್ತಾನ್ರಿ.”

ಬಾಗಿಲ ಮರೆಯಿಂದ ಅರ್ಧ ಮುಖ ಕಂಡಿತು. ಆಮೇಲೆ, “ಹಂಗಾರ ನಡಸೂದು ಅವರ ನಡಸಲಿ ಅನ್ನು, ಆಯಿ. ಹಾದಿ ನಾ ತೋರಸ್ತೀನಿ.”

ಆಯಿ ಮೊಮ್ಮಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಬೊಚ್ಚುಬಾಯಿ ತೆರೆದು ನಕ್ಕಳು. ಮೂಲೆಯಲ್ಲಿ ಮಲಗಿದ್ದ ನಾಯಿ ಬೆಚ್ಚಿ ಎದ್ದು ಹೊರಗೆ ಹೋಯಿತು. ಮಡಚಿದ್ದ ಸೀರೆಯನ್ನು ಆಯಿ ಮತ್ತೆ ಬಿಚ್ಚಿದಳು.

ಹೀಗೆ ಮದುವೆಯಾಯಿತು. ಶಾಂತವ್ವ ಆಡಿದ ಮಾತಿನಂತೆ ನಡೆದುಕೊಂಡಳು. ಅಂದಿನಿಂದ ಹಾದಿ ಆಕೆಯದೇ. ನಾನು ಮಾತ್ರ ಉಪಕಾರ ಸ್ಮರಣೆಯಿಲ್ಲದವನ ಹಾಗೆ, ಆ ಸೀರೆ ಕಂಡಾಗಲೆಲ್ಲ ಗೊಣಗುತ್ತಿದ್ದೆ. ನನ್ನದು ಒಂಟಿ ವಿಮಾನ, ಮಗ್ಗ ಕೆಡಿಸಿತು ಎಂದು. ಈಚೆಗೆ ಮೊಮ್ಮಗ ಫೋನಿನಲ್ಲಿ ಅಂಥದೇ ವಿಮಾನ ತೋರಿಸಿದ. ಒಡಲು ಒಂದು ಕಡೆ, ಚಾಲಕ ಇನ್ನೊಂದು ಕಡೆ. ಹಿಂದೆ ಯಾವುದೋ ದೇಶದವರು ಖರೇನೇ ಹಾರಿಸಿದ್ದರಂತೆ. ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಮನೆಯವರೆಲ್ಲ ನಕ್ಕು ಮುಗಿದ ಮೇಲೆ ಅದು ಹಾರಿ ಏನು ಬಂತು?

ಮೊನ್ನೆ ಕೌದಿ ಹಿಡಿದು ಕೂಗಿದೆ. “ಈ ಸೀರಿ ನಟ್ಟನಡುವ ಕತ್ತರಿಸಂತ ಯಾರ ಹೇಳಿದ್ರು?”

“ನಾನ ಹೇಳೀನಿ,” ಎಂದಳು ಶಾಂತವ್ವ. “ಮದಿವಿ ಆದಾಗಿಂದ ಒಂದ ಸವನ ಹೇಳಾಕತ್ತೀರಲ್ರಿ, ನಂದು ಒಂಟಿ ವಿಮಾನ, ನಂದು ಒಂಟಿ ವಿಮಾನ ಅಂತ. ತಗೋರಿ ನಿಮ್ಮ ವಿಮಾನ.”

ನೋಡಿದೆ. ಒಂದು ಚೌಕವೂ ಹೆಚ್ಚುಕಡಿಮೆಯಿಲ್ಲ. ನಾನು ಬರೆದ ಹಾಗೆಯೇ ಇದೆ. ಒಂದು ಒಡಲು, ಒಂದು ರೆಕ್ಕೆ, ಕೌದಿಯ ಅಂಚಿಗೆ ಬಂದು ನಿಂತ ಒಂದು ಗಾಜಿನ ಗೂಡು. ಅದರೊಳಗಿನ ಚಾಲಕ ಇನ್ನೇನು ಮಂಚದಿಂದ ಕೆಳಗೆ ಬೀಳುತ್ತಾನೆ ಎನಿಸಿತು. ಹಿಗ್ಗಬೇಕಾಗಿತ್ತು. ಬದಲಿಗೆ ಎದ್ದು ಹೋಗಿ ಆಕೆಯ ಮಂಚದ ಮೇಲಿದ್ದ ಕೌದಿ ತಂದೆ; ವಿಮಾನದ ಇನ್ನರ್ಧ ಅದರ ಅಂಚಿನಲ್ಲಿತ್ತು. ಎರಡನ್ನೂ ನೆಲಕ್ಕೆ ಹಾಸಿ ಅಂಚಿಗೆ ಅಂಚು ಕೂಡಿಸಿದೆ. ಕೂಡಲಿಲ್ಲ. ಎರಡು ಗೂಡುಗಳ ನಡುವೆ ಬೆರಳಗಲ ಅರಿವೆ ಹೊಲಿಗೆಯೊಳಗೆ ಮಡಚಿಹೋಗಿತ್ತು.

“ಹೊಲಿಗಿ ಬಿಚ್ಚಿದ್ರ ಕೂಡ್ತೈತಿ,” ಎಂದೆ.

“ಕೂಡಿಸಿದ್ರ ಮತ್ತ ಒಂದ ಕೌದಿ ಆಗ್ತೈತಿ ನೋಡ್ರಿ. ಮತ್ತ ಎಳದಾಟ.”

“ಆಗಲಿ.”

ಆಕೆ ಒಳಗೆ ಹೋಗಿ ಸೂಜಿ ದಾರ ತಂದು ನನ್ನ ಕೈಯಲ್ಲಿಟ್ಟು, ಎದುರಿಗೆ ಕಾಲು ಚಾಚಿ ಕೂತಳು.

“ನೀವ ಹೊಲೀರಿ,” ಎಂದಳು. “ಹಾದಿ ನಾ ತೋರಸ್ತೀನಿ.”