ಕಲಗಚ್ಚಿನ ಹಾಗೆ ತುಂಬಿದ ಕ್ಯಾನು

ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ಹಳೆ ಡ್ರಮ್ಮು, ಕ್ಯಾನುಗಳ ವ್ಯಾಪಾರ ನನ್ನದು. ಯಾರ ಹಂಗೂ ಇಲ್ಲದೆ ಕಟ್ಟಿದ ಅಂಗಡಿ. ಕವಲಂದೆಯ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ನರಸೀಪುರದ ಕಡೆ ವಿಶ್ವವಿದ್ಯಾನಿಲಯದ ಒಂದು ಕೇಂದ್ರದಲ್ಲಿ ರಸಾಯನಶಾಸ್ತ್ರದ ಲ್ಯಾಬಿಗೆ ಅಟೆಂಡರ್ ಆಗಿದ್ದ. ಪ್ರಯೋಗ ಮುಗಿದ ಮೇಲೆ ಉಳಿದದ್ದನ್ನು ಸಿಂಕಿಗೆ ಸುರಿಯಬಾರದು, ಕ್ಯಾನಿಗೆ ತುಂಬಿಡಬೇಕು ಅಂತ ಮೇಲಿನಿಂದ ಆದೇಶ ಬಂತು. ಕ್ಯಾನಿಗೆ ಅವನು ನನ್ನ ಹತ್ತಿರವೇ ಬಂದ.

"ಒಂದು ಕ್ಯಾನ್ ಕೊಡಿ ಬಾವ, ದೊಡ್ದು."

"ಒಂದೇನ್ಲಾ? ಆಸಿಡ್‌ಗೊಂದು, ಸ್ಪಿರಿಟ್‌ಗೊಂದು ಬ್ಯಾಡ್ವಾ? ನಾಕು ತಗೊ, ಸಸ್ತಾ ಮಾಡ್ಕೊಡ್ತೀನಿ."

"ನನ್ ಹತ್ರಾನೂ ಯಾಪಾರ್ವಾ? ಮೇಷ್ಟ್ರು ಒಂದ್ ಸಾಕು ಅಂದವ್ರೆ."

ಮಾರುವ ಆಸೆಗೆ ಹೇಳಿದೆ ಅಂದುಕೊಂಡ. ಆಸೆ ಇರಲಿಲ್ಲ ಅನ್ನುವುದಿಲ್ಲ. ಆದರೆ ಮಾತು ಸರಿಯಾದದ್ದೇ ಆಗಿತ್ತು.

ನಮ್ಮ ಕಡೆ ಹಸು ಕಟ್ಟಿದ ಮನೆಗಳಲ್ಲಿ ಕಲಗಚ್ಚಿನ ಬಾನಿ ಇರುತ್ತದೆ. ಅಕ್ಕಿ ತೊಳೆದ ನೀರು, ಉಳಿದ ಸಾರು, ಹುಳಿ ಮಜ್ಜಿಗೆ ಎಲ್ಲ ಅದಕ್ಕೇ ಹೋಗುತ್ತದೆ. ಲ್ಯಾಬಿನ ಕ್ಯಾನಿಗೂ ಅವನು ಹಾಗೇ ಸುರಿದ. ವಿದ್ಯಾರ್ಥಿಗಳು ಸುರಿದರು, ಮೇಷ್ಟ್ರುಗಳೂ ಸುರಿದರು. ಮೇಲೆ 'ವೇಸ್ಟ್' ಅಂತ ಒಂದು ಚೀಟಿ, ಅಷ್ಟೆ. ಒಂದು ಬೆಳಿಗ್ಗೆ ಕ್ಯಾನು ಉಬ್ಬಿಕೊಂಡಿತ್ತು. ಬಾಮೈದ ಬಗ್ಗಿ ಮುಚ್ಚಳ ತಿರುಗಿಸಿದ. ಒಳಗಿದ್ದದ್ದು ಮುಖಕ್ಕೆ ಚಿಮ್ಮಿತು.

ಲ್ಯಾಬಿಗೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಹೇಳಿ ಕಳಿಸಿ: ಸುರಿಯುವ ಮೊದಲು ಏನೆಂದು ಬರೆಯಲಿ, ಉಬ್ಬಿದ ಕ್ಯಾನು ಕಂಡರೆ ಮುಟ್ಟದೆ ಹೊರಗೆ ಬರಲಿ. ಕೇಳುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಆದರೂ ಹೇಳಿ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ನೀರು ಬಿಡಿಸುತ್ತಲೇ ಕೇಳಿದರು, "ಕ್ಯಾನಲ್ಲಿ ಏನಿತ್ತು?" ನಮಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರಲು ನಾನೇ ಕೇಂದ್ರಕ್ಕೆ ಓಡಿದೆ. ಒಬ್ಬ ವಿದ್ಯಾರ್ಥಿ, "ನಮ್ದು ಬರೀ ಉಪ್ಪಿನ ನೀರು" ಅಂದ. ಇನ್ನೊಬ್ಬಳು, "ನಾನು ಹಾಕಿದ್ದು ಒಂಚೂರು" ಅಂದಳು. ವಿಭಾಗದ ಮುಖ್ಯಸ್ಥರು ಕುರ್ಚಿ ತೋರಿಸಿದರು.

"ಎಲ್ಲಾ ಮಿಕ್ಸ್ ಆಗಿದೆ ಕಣ್ರೀ. ಯಾರದು ಅಂತ ಹೇಗೆ ಹೇಳೋದು?"

"ಯಾರ್ದು ಅಂತ ಕೇಳ್ತಿಲ್ಲ ಸಾ. ಏನು ಅಂತ ಕೇಳ್ತಿದೀನಿ."

ಅವರು ಫ್ಯಾನಿನ ಕಡೆ ನೋಡಿದರು. ಎಂಥ ಜಿಪುಣನ ಬಾಯಿಂದಲೂ ಕೊನೆಯ ಬೆಲೆ ಹೊರಡಿಸಿದವನು ನಾನು. ಅಲ್ಲಿ ಮಧ್ಯಾಹ್ನದವರೆಗೆ ನಿಂತೆ, ಬೇಡಿದೆ, ರೇಗಿದೆ. ಅವರು ಮುಚ್ಚಿಡುತ್ತಿದ್ದಾರೆ ಅಂತಲೇ ಮೊದಲು ಅನ್ನಿಸಿತ್ತು. ಇಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಇನ್ನೂ ಕೆಟ್ಟದ್ದು. ಮುಚ್ಚಿಟ್ಟದ್ದಾದರೆ ಎಂದಾದರೂ ಕಿತ್ತುಕೊಳ್ಳಬಹುದು.

ಬರಿಗೈಲಿ ವಾಪಸು ಬಂದೆ. ಗೊತ್ತಿದ್ದಿದ್ದರೆ ಕಣ್ಣು ಉಳಿಯುತ್ತಿತ್ತಾ ಅಂತ ಆಮೇಲೊಮ್ಮೆ ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲ" ಅಂದರು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಬೆಳಕು, ನೆರಳು ಮಾತ್ರ.

ಮೊನ್ನೆ ಕವಲಂದೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ.

"ಯಾರು?"

"ನಾನು ಕಣ್ಲಾ."

"ಬಾವ, ವಸಿ ಪಕ್ಕಕ್ ಬನ್ನಿ. ಬೆಳಕಿಗೆ ಅಡ್ಡ ನಿಂತಿದೀರಿ."

ಪಕ್ಕಕ್ಕೆ ಸರಿದೆ.