ಮಳೆಗಾಲಕ್ಕೊಂದು ಲಿನಕ್ಸ್

ಹಂಗಾರಕಟ್ಟೆಯ ದೋಣಿ ಕಟ್ಟುವವರ ಮನೆಯ ಪ್ರೇಮಾನಂದ ಮನೆತನದ ಕೆಲಸ ಬಿಟ್ಟು ಸಾಲಿಗ್ರಾಮದಲ್ಲಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ತೆರೆದದ್ದು ೧೯೯೯ರಲ್ಲಿ. ಟೈಪ್ ಮಾಡುವವಳು ಹೆಂಡತಿ ವನಜ. ಮುಂಬೈಗೆ ಹೊರಟವರ ಬಯೋಡಾಟಾ, ಕಚೇರಿಯ ಅರ್ಜಿ, ಕೈಗೆ ಬಿಡುವಿರಲಿಲ್ಲ. ಕಂಪ್ಯೂಟರಿನೊಳಗೆ ಲಿನಕ್ಸ್ ಇತ್ತು. ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ. ಅದರಲ್ಲಿ ಹತ್ತಾರು ಬಗೆ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಪ್ರೇಮಾನಂದ ಮೊದಲು ಹಾಕಿದ್ದು ರೆಡ್ ಹ್ಯಾಟ್. ವನಜ ಹೆಣಗಾಡಿ ಕಲಿತಳು. ಕೈ ಕುದುರುವಷ್ಟರಲ್ಲಿ ಮಳೆಗಾಲ ಬಂತು.

ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುತ್ತದೆ. ದೋಣಿಗಳನ್ನು ದಡಕ್ಕೆಳೆದು, ಬಿಚ್ಚಿ, ಹಲಗೆ ಬದಲಿಸಿ ಎಣ್ಣೆ ಹಚ್ಚುತ್ತಾರೆ. ಕಂಪ್ಯೂಟರಿಗೂ ಅದೇ ಕ್ರಮ ಎಂದು ಪ್ರೇಮಾನಂದ ನಂಬಿದ್ದ. ಕೆಟ್ಟಿದೆಯೇ ಎಂದು ನೋಡುತ್ತಿರಲಿಲ್ಲ, ಪೂರ್ತಿ ಅಳಿಸಿ ಬೇರೆ ಬಗೆಯ ಲಿನಕ್ಸ್ ಹಾಕಿಬಿಡುತ್ತಿದ್ದ. ಮ್ಯಾಂಡ್ರೇಕ್ ಬಂತು, ಡೆಬಿಯನ್ ಬಂತು, ಪರದೆಯಲ್ಲಿ ಕನ್ನಡ ಮೂಡತೊಡಗಿದ ಮೇಲೆ ಉಬುಂಟು. ನಡುವೆ ಹೆಸರೂ ನೆನಪಿಲ್ಲದ ಇನ್ನೆರಡು. ಪ್ರತಿ ಸಲವೂ ವನಜಳಿಗೆ ತನ್ನ ಅಡುಗೆಮನೆಯಲ್ಲೇ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ಮೊದಲಿನದಕ್ಕಿಂತ ಇದು ಒಳ್ಳೆಯದೇ ಎಂದು ಕೇಳಿದರೆ ಗಂಡ ಹೌದೆನ್ನುತ್ತಿದ್ದ. ಹೇಗೆಂದು ಹೇಳಲು ಅವನಿಗೂ ಬರುತ್ತಿರಲಿಲ್ಲ.

೨೦೧೦ರಲ್ಲಿ ಅವಳು ಮೊದಲೇ ಎಚ್ಚರಿಸಿದಳು.

"ಹ್ವಾಯ್, ಈ ಸಲ ಅದನ್ನ್ ಅಳ್ಸಿರೆ ನಾನ್ ಬ್ರಹ್ಮಾವರದ ಪ್ರೆಸ್ಸಿಗೆ ಕೆಲ್ಸಕ್ಕ್ ಹೋತೆ."

"ಬಿಚ್ದೆ ಇಟ್ರೆ ಹುಳ ಹಿಡಿತ್ತ್ ಮಾರಾಯ್ತಿ."

"ಇದೆಂತ ಮರ್ವಾ?"

ಅವನು ನಕ್ಕ. ಒಂದು ವಾರ ಸುಮ್ಮನಿದ್ದು ಉಬುಂಟುವಿನ ಹೊಸ ಆವೃತ್ತಿ ಹಾಕಿಯೇ ಬಿಟ್ಟ. ಪರದೆಯ ಕಿಟಕಿ ಮುಚ್ಚುವ ಗುಂಡಿ ಬಲದಿಂದ ಎಡಕ್ಕೆ ಹೋಗಿತ್ತು. ವನಜ ಎರಡು ಸಲ ಬಲಮೂಲೆಯನ್ನೇ ಒತ್ತಿ, ಎದ್ದು ಬ್ರಹ್ಮಾವರದ ಬಸ್ಸು ಹತ್ತಿದಳು.

ಪ್ರೆಸ್ಸಿನ ಒಡತಿ ಸುಗುಣ ನೇರವಾಗಿ ಕೇಳಿದಳು: "ನಿಮ್ಗೆ ಕಂಪ್ಯೂಟರಲ್ಲ್ ಯಾವ್ದ್ ಗೊತ್ತಿತ್ತ್?"

ವನಜ ಯೋಚಿಸಿದಳು. ರೆಡ್ ಹ್ಯಾಟ್ ಮರೆತಿತ್ತು, ಡೆಬಿಯನ್ ಅರ್ಧ ನೆನಪು, ಉಬುಂಟು ಈಗಷ್ಟೇ ಬದಲಾಗಿತ್ತು. "ಪೂರ್ತಿ ಗೊತ್ತಿಪ್ಪುದ್ ಯಾವ್ದೂ ಇಲ್ಲ" ಎಂದಳು.

ಸುಗುಣಳಿಗೆ ಅರ್ಥವಾಗಲಿಲ್ಲ. ಆದರೂ ಕಂಪ್ಯೂಟರಿನ ಮುಂದೆ ಕೂರಿಸಿದಳು. ಅಲ್ಲಿದ್ದದ್ದು ವನಜ ಮುಟ್ಟಿಯೇ ನೋಡದ ವಿಂಡೋಸ್. ಅವಳು ಮೂಲೆಗಳನ್ನು ತಡಕಿ, ತಪ್ಪಿ, ಹಿಂದೆ ಬಂದು, ಯಾರನ್ನೂ ಕೇಳದೆ ಮದುವೆ ಕಾಗದವೊಂದನ್ನು ಅಚ್ಚು ತೆಗೆದಳು. ಸೋಮವಾರದಿಂದ ಬನ್ನಿ ಎಂದಳು ಸುಗುಣ.

ಮನೆಯಲ್ಲಿ ಹೇಳಿದಾಗ ಪ್ರೇಮಾನಂದ ತಕರಾರು ಮಾಡಲಿಲ್ಲ. ಇಷ್ಟು ವರ್ಷ ತಾನು ಕಲಿಸಿದ್ದಕ್ಕೇ ಕೆಲಸ ಸಿಕ್ಕಿತಲ್ಲ ಎಂದ. ಕಲಿಸಿದ್ದೋ ಕಾಡಿದ್ದೋ, ವನಜಳಿಗೆ ತೀರ್ಮಾನಿಸಲಾಗಲಿಲ್ಲ.

ಅವಳು ಹೋದಳು. ಪ್ರೆಸ್ಸಿನಲ್ಲಿ ಗುಂಡಿಗಳು ಇಟ್ಟಲ್ಲೇ ಇದ್ದವು. ವರ್ಷ ತಿರುಗಿ ಆಷಾಢ ಬಂತು, ಕೆಲಸ ಇಳಿಯಿತು. ಒಂದು ಮಧ್ಯಾಹ್ನ ಅವಳು ಕಂಪ್ಯೂಟರ್ ತೋರಿಸಿ ಕೇಳಿದಳು, "ಇದನ್ನ್ ಯಾವಾಗ ಬದ್ಲ್ ಮಾಡ್ತ್ರಿ?"

"ಎಂತಕ್ಕೆ?" ಎಂದಳು ಸುಗುಣ.

ಹುಳ ಹಿಡಿತ್ತ್ ಎನ್ನಹೊರಟ ವನಜ ನಾಲಿಗೆ ಕಚ್ಚಿಕೊಂಡಳು.