ಗೋಂದಣ್ಣನ ಕೈ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಹಿರಿಯರು ಕೇಳಿದ್ದು ಸರಿಯೇ. ಆದರೆ ಅಂಗೈಯಲ್ಲಿ ಹುಣ್ಣು ಇಟ್ಟುಕೊಂಡವನಿಗೆ ಬೇಕಾಗುವುದು ಕನ್ನಡಿಯಲ್ಲ, ಜೇಬು. ಗೋಂದಣ್ಣ ಹೊಲಿಸುವ ಪ್ಯಾಂಟಿಗೆಲ್ಲ ಮಣಿಕಟ್ಟು ಮುಳುಗುವಷ್ಟು ಆಳದ ಜೇಬು ಇರಲೇಬೇಕು. ಬೀದಿಯಲ್ಲಿ ಎರಡೂ ಕೈಯನ್ನು ಜೇಬಿಗಿಳಿಸಿ ನಡೆಯುವವನನ್ನು ಕಂಡು ಗುರುತಿಲ್ಲದವರು, ಏನು ಜಂಬವಪ್ಪಾ ಇವನಿಗೆ, ಅಂದುಕೊಳ್ಳುತ್ತಿದ್ದರು. ಜಂಬ ಪಡುವಂಥದ್ದು ಆ ಜೇಬಿನಲ್ಲಿ ಏನೂ ಇರಲಿಲ್ಲ.

ಕೆಲಸ ಪುಸ್ತಕದ ಬೈಂಡಿಂಗು. ಮುದ್ರಣಾಲಯದ ಹಿಂಬದಿಯ ಉದ್ದನೆಯ ಕೋಣೆ, ಇದ್ದ ಒಂದು ಕಿಟಕಿಗೂ ರಟ್ಟಿನ ಅಟ್ಟಿ ಅಡ್ಡ. ಅಚ್ಚಾದ ಹಾಳೆಗಳನ್ನು ಮಡಿಸಿ, ಜೋಡಿಸಿ, ದಬ್ಬಣದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು ರಟ್ಟು ಕೂರಿಸಬೇಕು. ಅಂಟನ್ನು ಅವನೇ ಕಾಯಿಸುತ್ತಿದ್ದ. ಮೈದಾ, ನೀರು, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಬಳಿಯಲು ಕುಂಚ ಇತ್ತು. ಆದರೆ ಬೆರಳಿಗೆ ತಿಳಿಯುವ ಹದ ಕುಂಚಕ್ಕೆ ತಿಳಿಯುವುದಿಲ್ಲ ಎಂಬ ಹಟ ಇವನದು. ಗೋಂದಣ್ಣ ಎಂಬ ಹೆಸರು ಹಾಗೆ ಬಂತು. ಚಿಕ್ಕಂದಿನಲ್ಲಿ ಮೊಣಕೈ ಸಂದಿಯಲ್ಲಿ ಕಡಿಯುತ್ತಿದ್ದ ಇಸುಬು ಈ ಕೆಲಸಕ್ಕೆ ಸೇರಿದ ಮೇಲೆ ಅಂಗೈಗೆ ಇಳಿಯಿತು. ಚರ್ಮ ಕೆಂಪಾಗುವುದು, ಹೊಟ್ಟು ಏಳುವುದು, ಬೆರಳ ಗೆರೆಗಳಲ್ಲಿ ಬಿರಿದು ರಕ್ತ ಜಿನುಗುವುದು. ಪುಸ್ತಕದ ಮೇಲೆ ಕಲೆಯಾದೀತೆಂದು ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಿದ್ದ.

ಇಂಥ ಕಾಯಿಲೆಗೆ ಕಂಡವರೆಲ್ಲ ವೈದ್ಯರೇ. ಅವರಲ್ಲಿ ಮೊದಲ ಪೀಠ ಹೆಂಡತಿಯ ಅಕ್ಕನದು. ಮನೆಮಂದಿಯೆಲ್ಲ ಆಕೆಯನ್ನು ಕರೆಯುವುದೇ ಮದ್ದಿನಕ್ಕ ಎಂದು. ಆಕೆಯ ಮಾತಿಗೆ ಬೇವು ಅರೆದು ಹಚ್ಚಿದ್ದಾಯಿತು, ಅರಿಶಿನ ಮೆತ್ತಿದ್ದಾಯಿತು. ನಿಂಬೆರಸ ಉಜ್ಜಿದ ದಿನ ಗೋಂದಣ್ಣ ಹಿತ್ತಲಲ್ಲಿ ಕುಣಿದದ್ದನ್ನು ಪಕ್ಕದ ಮನೆಯವರೂ ನೋಡಿದರು. ಬೆಳ್ಳುಳ್ಳಿ ಜಜ್ಜಿ ಕಟ್ಟಿದ್ದಕ್ಕೆ ಬೊಬ್ಬೆ ಎದ್ದಾಗ ಮದ್ದಿನಕ್ಕ ಅಲುಗಲಿಲ್ಲ. "ವಿಷ ಹೊರಗೆ ಬರ್ತಿದೆ. ಗಿಡದ್ದು, ಬೇರಿನದು, ಅದ್ರಿಂದ ಕೆಟ್ಟದ್ದಾಗುತ್ತಾ?" ಎಂದಳು. ಆಮೇಲೆ ಪಥ್ಯ. ಬದನೆ ನಂಜು, ಶೇಂಗಾ ನಂಜು, ಮೊಟ್ಟೆ ನಂಜು, ಮೊಸರಂತೂ ಮಹಾ ನಂಜು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತದೆ ಗಾದೆ. ಈ ಬಡಪಾಯಿಗೆ ಕೈಯೂ ಕೆಟ್ಟಿತು, ಬಾಯಿಯ ಮೊಸರೂ ಹೋಯಿತು. ಕೊರಳೆಲುಬು ಎದ್ದು ಕಾಣುವಷ್ಟು ಇಳಿದುಹೋದ. ಕಡಿತ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಸೊಸೆ ಹೆತ್ತು, ಹೆಣ್ಣು ಕೂಸನ್ನು ಮನೆಗೆ ಕರೆತಂದಳು. ಗೋಂದಣ್ಣ ಬಾಗಿಲಲ್ಲೇ ಕೈ ಚಾಚಿದ. ಸೊಸೆ ಒಳ್ಳೆಯವಳು, ಶಾಲೆಯಲ್ಲಿ ಲೆಕ್ಕ ಕಲಿಸುವವಳು. ನಯವಾಗಿಯೇ ಕೂಸನ್ನು ಎದೆಗೆ ಒತ್ತಿಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದಳು.

"ತಪ್ಪು ತಿಳ್ಕೋಬೇಡಿ ಮಾವ. ಇನ್ನೂ ಎಳೇ ಚರ್ಮ. ನಿಮ್ಮ ಕೈ ವಾಸಿಯಾದ ಮೇಲೆ ಎತ್ಕೊಳ್ಳೋರಂತೆ."

"ಅಯ್ಯೋ, ಅದಕ್ಕೇನಮ್ಮ. ಎಲ್ಲಿಗೆ ಓಡಿಹೋಗುತ್ತೆ ಕೂಸು," ಎಂದು ಕೈಗಳನ್ನು ಜೇಬಿಗೆ ಸೇರಿಸಿದ.

ಅಂಟಿನ ಕೆಲಸದವನ ರೋಗವೂ ಅಂಟುವುದೇ ಇರಬೇಕು ಎಂದು ಮುದ್ರಣಾಲಯದವರು ನಗೆಯಾಡುತ್ತಿದ್ದದ್ದುಂಟು. ಅಲ್ಲಿ ಅವನ ಚಹಾ ಲೋಟ ಬೇರೆಯೇ ಮೊಳೆಗೆ ತೂಗುತ್ತಿತ್ತು. ಅದನ್ನೆಲ್ಲ ನುಂಗಿಕೊಂಡಿದ್ದ. ಇದನ್ನು ನುಂಗುವುದು ಆಗಲಿಲ್ಲ. ಆ ಕೂಸನ್ನು ಒಮ್ಮೆ ಎತ್ತಿಕೊಳ್ಳಬೇಕು. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಆಗ ಇರಲಿಲ್ಲ.

ಆಸೆ ಬಂದಮೇಲೆ ಹಟ ಹೋಯಿತು. ಕುಂಚ ಹಿಡಿದ. ಕಡಿತ ತಾಳಲಾರದೆ ಕುದಿಕುದಿ ನೀರು ಹೊಯ್ದುಕೊಳ್ಳುವ ಚಟವೊಂದಿತ್ತು. ಹೊಯ್ಯುವಾಗ ಸ್ವರ್ಗ, ಆಮೇಲೆ ದುಪ್ಪಟ್ಟು ಉರಿ. ಅದನ್ನೂ ಬಿಟ್ಟ. ಬೆಚ್ಚಗಿನ ನೀರಲ್ಲಿ ಕೈ ತೊಳೆದು, ತೇವ ಆರುವ ಮುಂಚೆ ಕೊಬ್ಬರಿ ಎಣ್ಣೆ ಸವರಿ, ಹೆಂಡತಿ ಹೊಲಿದುಕೊಟ್ಟ ಹತ್ತಿಯ ಗವುಸು ತೊಟ್ಟು ಕೂರುತ್ತಿದ್ದ. ಗವುಸು ತೊಟ್ಟೇ ಪೇಪರು ಓದುತ್ತಿದ್ದವನನ್ನು ನೋಡಿ ಹೆಂಡತಿ, "ಕಳ್ಳತನಕ್ಕೆ ಹೊರಟ ಹಾಗಿದೆ ನಿಮ್ಮ ಠೀವಿ," ಅನ್ನುತ್ತಿದ್ದಳು. ಬಿರುಕುಗಳು ಮೆಲ್ಲಗೆ ಕೂಡಿಕೊಳ್ಳತೊಡಗಿದವು. ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ ಎಂದು ತೊಟ್ಟಿಲಿನಿಂದ ದೂರವೇ ನಿಂತು ಕೂಸಿಗೆ ಸಿಳ್ಳೆ ಹಾಕಿ ತೋರಿಸುತ್ತಿದ್ದ. ಕೂಸು ಅವನ ತುಟಿ ನೋಡಿ ನಗುತ್ತಿತ್ತು.

ಅಷ್ಟರಲ್ಲಿ ಕೂಸಿನ ಕೆನ್ನೆ ಕೆಂಪಾಯಿತು. ಹಲ್ಲು ಬರುವ ಹೊತ್ತು, ಜೊಲ್ಲಿಗೆ ಹಾಗಾಗುತ್ತದೆ ಎಂದರು. ಕೆಂಪು ಮೊಣಕೈ ಸಂದಿಗೆ ಹೋಯಿತು, ಮಂಡಿಯ ಹಿಂದಕ್ಕೆ ಹೋಯಿತು. ಕೂಸು ಮುಖವನ್ನು ಹಾಸಿಗೆಗೆ ಉಜ್ಜಿ ಉಜ್ಜಿ ಅಳತೊಡಗಿತು. ಸಂಜೆ ಮಗ ಕೆಲಸದಿಂದ ಬಂದವನೇ ಅಪ್ಪನ ಮುಂದೆ ನಿಂತ.

"ಅಪ್ಪಾ, ನಿಜ ಹೇಳಿ. ನಾವಿಲ್ಲದಾಗ ಮಗೂನ ಮುಟ್ಟಿದ್ರಾ?"

"ಇಲ್ಲಪ್ಪ."

"ಬೈಯಲ್ಲ, ಹೇಳಿ. ಒಂದ್ಸಲಾನೂ?"

"ಇಲ್ಲ ಕಣೋ. ನಿಮ್ಮಮ್ಮನ ಆಣೆಗೂ ಇಲ್ಲ."

ಮಗ ನಂಬಲಿಲ್ಲ. ಗೋಂದಣ್ಣನ ಹೆಂಡತಿ ಪಾತ್ರೆ ತೊಳೆಯುತ್ತಲೇ ಇದ್ದಳು, ಈ ಕಡೆ ತಿರುಗಲಿಲ್ಲ. ಅವಳೂ ನಂಬಿಲ್ಲ ಎಂಬುದು ಅವನಿಗೆ ಆ ಬೆನ್ನಿನಿಂದಲೇ ಗೊತ್ತಾಯಿತು.

ಮಾರನೆಯ ದಿನ ಮಗ, ಸೊಸೆ ಕೂಸನ್ನು ಆಸ್ಪತ್ರೆಗೆ ಕರೆದೊಯ್ದಾಗ, ಯಾರೂ ಕರೆಯದಿದ್ದರೂ ಅವನು ಹಿಂದೆಯೇ ಹೋದ. ಡಾಕ್ಟರಮ್ಮ ಕೂಸಿನ ಕೈಕಾಲು ಮಡಿಸಿ, ಬಿಡಿಸಿ ನೋಡಿ ಕೇಳಿದಳು. "ಮನೇಲಿ ಯಾರಿಗಾದ್ರೂ ಇಸುಬು ಇದೆಯಾ? ಚಿಕ್ಕ ವಯಸ್ಸಿಂದ?"

ಗೋಂದಣ್ಣ ಜೇಬಿನಿಂದ ಕೈ ತೆಗೆದು, ಶಾಲೆಯ ಹುಡುಗನ ಹಾಗೆ ಎತ್ತಿದ. "ನನಗೇ ಇರೋದು. ಆದ್ರೆ ನಾನು ಮುಟ್ಟಿಲ್ಲಮ್ಮ."

"ಮುಟ್ಟಿದ್ರೆ ಬರೋದಲ್ಲ ಯಜಮಾನ್ರೇ ಇದು. ಅಂಟೋದೇ ಇಲ್ಲ. ವಂಶದಲ್ಲಿ ಇದ್ರೆ ಹೀಗೆ ಇಳಿದು ಬರೋದುಂಟು."

ಮಗ ನೆಲ ನೋಡಿದ. ತಪ್ಪಿಲ್ಲವೆಂದು ಸಾಬೀತಾದವನಿಗೆ ಹಗುರವಾಗಬೇಕಿತ್ತು. ಗೋಂದಣ್ಣನಿಗೆ ಎದೆಯ ಮೇಲೆ ಕಲ್ಲು ಬಿದ್ದ ಹಾಗಾಯಿತು. ಕೈ ದೂರ ಇಟ್ಟು ಏನು ಬಂತು? ಅದು ಕೂಸು ಹುಟ್ಟುವ ಮುಂಚೆಯೇ, ಮಗನ ಮೂಲಕ, ಅವನಿಂದ ಹೊರಟು ಬಂದಿತ್ತು. ಡಾಕ್ಟರಮ್ಮ ಮುಲಾಮು ಬರೆದುಕೊಟ್ಟಳು. ಘಮಘಮ ಸೋಪು ಬೇಡ, ಉಗುರುಬೆಚ್ಚಗಿನ ನೀರು ಸಾಕು, ಉಗುರು ಬೆಳೆಸಬೇಡಿ, ತಾಯಿ ಸುಮ್ಮಸುಮ್ಮನೆ ಪಥ್ಯ ಹಿಡಿದು ಉಪವಾಸ ಬೀಳಬಾರದು ಎಂದಳು. ಇವು ಅವನ ಕಿವಿಗೆ ಬಿದ್ದವು, ಮನಸ್ಸಿಗೆ ತಡವಾಗಿ ತಲುಪಿದವು.

ಮನೆಗೆ ಬಂದರೆ ಮದ್ದಿನಕ್ಕ ಬಟ್ಟಲಲ್ಲಿ ಹಸಿರು ಮುದ್ದೆ ಹಿಡಿದು ಕೂತಿದ್ದಳು. ಬೇವು, ಬೆಳ್ಳುಳ್ಳಿ, ಇನ್ನೇನೇನೋ. "ಕೊಡಿಲ್ಲಿ ಕೂಸನ್ನ. ಒಂದೇ ಪಟ್ಟಿಗೆ ಓಡಿಹೋಗುತ್ತೆ," ಎಂದಳು. ಜನ್ಮದಲ್ಲಿ ಆಕೆಗೆ ಎದುರಾಡದ ಗೋಂದಣ್ಣ ಬಟ್ಟಲು ಕಸಿದುಕೊಂಡು ಹಿತ್ತಲಿಗೆ ಸುರಿದು ಬಂದ.

"ನನ್ನ ಮೇಲೆ ಹಚ್ಚಿದ್ದು ಸಾಕು. ಇವಳ ಹತ್ರ ತರಬೇಡಿ."

ಮದ್ದಿನಕ್ಕ ಸೆರಗು ಕೊಡವಿ ಎದ್ದು ಹೋದಳು. ಹೆಂಡತಿ ಅಕ್ಕನ ಹಿಂದೆ ಓಡಿದಳು.

ಸೊಸೆ ಕೂಸಿಗೆ ಮುಲಾಮು ಸವರಿ ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅವನ ಕಡೆ ತಿರುಗಿ ಕೇಳಿದಳು. "ಮಾವ, ಹೇಗಿರುತ್ತೆ ಅದು? ಇವಳಿಗೆ ಹೇಳೋಕೆ ಬರಲ್ವಲ್ಲ."

ಇಷ್ಟು ವರ್ಷದಲ್ಲಿ ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಮದ್ದು ಹೇಳಿದವರೇ. ಅವನು ಎದುರಿಗೆ ನೆಲದ ಮೇಲೆ ಕೂತ.

"ಇರುವೆ ಚರ್ಮದ ಒಳಗೆ ಹರಿದ ಹಾಗಿರುತ್ತಮ್ಮ. ಮೇಲೆ ಕೆರೆದ್ರೆ ಅದಕ್ಕೆ ಸಿಗಲ್ಲ. ರಕ್ತ ಬಂದ್ರೆ ಸಮಾಧಾನ, ಅಷ್ಟು ಹುಚ್ಚು. ಬೈಬೇಡಿ ಅವಳಿಗೆ, ಕೆರೀಬೇಡ ಅಂತ. ಕೈಗೆ ಏನಾದ್ರೂ ಕೊಡಿ." ಕೂಸನ್ನು ನೋಡುತ್ತ ಮುಂದುವರಿಸಿದ. "ಆ ಕಡಿತ ಅಭ್ಯಾಸ ಆಗುತ್ತೆ. ಜನ ಹಿಂದೆ ಸರೀತಾರಲ್ಲ, ಅದು ಆಗಲ್ಲ. ಸ್ಕೂಲಲ್ಲಿ ಪಕ್ಕದ ಹುಡುಗಿ ಸರೀತಾಳೆ. ಬಸ್ಸಲ್ಲಿ ಸರೀತಾರೆ. ಒಳ್ಳೇವರೂ ಸರೀತಾರೆ. ಮನೇಲಾದ್ರೂ ಯಾರೂ ಸರೀದೇ ಇರೋ ಹಾಗೆ ನೋಡ್ಕೊಳ್ಳಿ."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆಡಿದ ಮೇಲೆ ತಾನು ಏನು ಹೇಳಿದೆನೆಂದು ಹೊಳೆದು ಗಾಬರಿಯಾದ. ಸೊಸೆಯ ಕಣ್ಣು ತುಂಬಿಬಂದಿತ್ತು.

ಕೂಸು ನಿದ್ದೆಗಣ್ಣಲ್ಲಿ ಮುಷ್ಟಿ ಎತ್ತಿ ಕೆನ್ನೆ ಕೆರೆಯಹೊರಟಿತು. ತಡೆಯಲು ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಸೊಸೆ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕೂಸನ್ನು ಅವನ ಕಡೆಗೆ ಸರಿಸಿದಳು.